ಇಪ್ಪತ್ತೇಳರ ಬಿಲ್ಲೆ

ಸೆಪ್ಟೆಂಬರ್ ೩

ಅಪ್ಪನಿಗೆ,

ಇಲ್ಲ, ಡಿಸೆಂಬರಿನ ಕೂಟಕ್ಕೆ ಬರಲ್ಲ ಅನ್ನೋಕೆ ನೀವು ಕೊಟ್ಟ ಮೂರು ಕಾರಣಗಳಲ್ಲಿ ಒಂದನ್ನೂ ನಾನು ಒಪ್ಪಲ್ಲ. ಕಿವಿ ಕೇಳಿಸಲ್ಲ ಅಂತ ಬರೆದಿದ್ದೀರಿ. ಅಲ್ಲಿ ನೀವು ಏನನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ. ನೀವು ನಂಬರ್ ಕೂಗಬೇಕು, ಅವರು ಎದ್ದು ಬರಬೇಕು, ಅಷ್ಟೇ. ಕಿವಿ ಬೇಕಾಗಿರೋದು ಅವರಿಗೆ. ಮಂಡಿ ನೋವು ಅಂದಿರಿ. ದಿನಾ ಬೆಳಿಗ್ಗೆ ಮೂರು ಮಹಡಿ ಹತ್ತಿ ತಾರಸಿ ಮೇಲಿನ ಗಿಡಗಳಿಗೆ ನೀರು ಹಾಕುತ್ತೀರಿ ಅಂತ ಅಕ್ಕ ಹೇಳಿದಳು. ಗಿಡ ಕರೆದರೆ ನೋಯದ ಮಂಡಿ ಜನ ಕರೆದರೆ ನೋಯುತ್ತಾ? ಇನ್ನು ಮೂರನೆಯದು. "ಓದಿದವರು ಸೇರೋ ಕಡೆ ಗಾಜು ತೊಳೆದವನಿಗೆ ಏನು ಕೆಲಸ." ಇದಕ್ಕೆ ಮಾತ್ರ ನನ್ನ ಹತ್ತಿರ ತಕ್ಷಣ ಉತ್ತರ ಇಲ್ಲ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದು ಹಾಗಿರಲಿ.

ಇಷ್ಟನ್ನೂ ಫೋನಲ್ಲಿ ಕೂಗಿದರೆ ಅಕ್ಕನ ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳಿಸಿ ನಿಮಗೊಬ್ಬರಿಗೆ ಕೇಳಿಸಲ್ಲ. ಅದಕ್ಕೇ ಈ ಕಾಗದ.

ಸಮಾಚಾರ ಏನಪ್ಪಾ ಅಂದರೆ, ನಾನೀಗ ನಿಮ್ಮ ಲ್ಯಾಬಿಗೇ ಬಣ್ಣ ಹೊಡೆಯುತ್ತಿದ್ದೇನೆ. ನಗಬೇಡಿ. ಸೈಕಲ್ ಅಂಗಡಿ ಆಯಿತು, ಪ್ರೆಸ್ಸು ಆಯಿತು, ಹಾಲಿನ ವ್ಯಾನು ಆಯಿತು. ಈಗ ಬಣ್ಣದ ಮೇಸ್ತ್ರಿಯ ಜೊತೆ. ಕಾಲಲ್ಲಿ ಚಕ್ರ ಅಂತ ನೀವು ಬೈಯೋದು ಸರಿ, ಆದರೆ ಆ ಚಕ್ರ ಉರುಳಿ ಉರುಳಿ ನಿಮ್ಮ ಲ್ಯಾಬಿನ ಬಾಗಿಲಿಗೇ ಬಂದು ನಿಂತಿದೆ ನೋಡಿ. ಡಿಸೆಂಬರ್ ಇಪ್ಪತ್ತೊಂದಕ್ಕೆ ಆ ಕ್ಲಾಸಿನವರೆಲ್ಲ ಇಪ್ಪತ್ತೈದು ವರ್ಷದ ಮೇಲೆ ಒಟ್ಟಿಗೆ ಸೇರ್ತಾರಲ್ಲ, ಸಭಾಂಗಣ ಬೇಡ, ಕೆಮಿಸ್ಟ್ರಿ ಲ್ಯಾಬೇ ಬೇಕು ಅಂದರಂತೆ. ಬಣ್ಣಕ್ಕೆ ಅವರದೇ ಚಂದಾ.

ನಿಮಗೆ ಕರೆಯೋಲೆ ಕಳಿಸಿದ ಡಾಕ್ಟರಮ್ಮ ಮೊನ್ನೆ ಬಂದಿದ್ದರು, ಕಣ್ಣಿನ ಡಾಕ್ಟರು. ನಾನು ಏಣಿ ಮೇಲಿದ್ದೆ. ಕೆಳಗಿನಿಂದ ಸುಮಾರು ಹೊತ್ತು ನನ್ನನ್ನೇ ನೋಡಿ, "ನೀನು ಲ್ಯಾಬಣ್ಣನ ಮಗ ಅಲ್ವಾ? ಬ್ರಷ್ ಹಿಡಿಯೋದು ಥೇಟ್ ಅವರು ಬ್ಯುರೆಟ್ ಹಿಡಿದ ಹಾಗೇ" ಅಂದರು.

"ಹೌದು. ನೀವು?"

"ನಾನು ಹನ್ನೊಂದು."

ಮೊದಲು ಅರ್ಥ ಆಗಲಿಲ್ಲ. ಆಮೇಲೆ ಗೊತ್ತಾಯಿತು. ನೀವು ಯಾರನ್ನೂ ಹೆಸರು ಹಿಡಿದು ಕರೆದವರಲ್ಲವಂತೆ. ಊಟ ಬಿಟ್ಟು ಬಂದವರನ್ನೂ "ಏ ಹದಿನೆಂಟು, ಮುಖ ಯಾಕೆ ಬಾಡಿದೆ, ಮೊದಲು ಏನಾದ್ರೂ ತಿಂದ್ಕೊಂಡು ಬಾ" ಅಂತಿದ್ದಿರಂತೆ. ಅವರೆಲ್ಲ ಇವತ್ತಿಗೂ ಒಬ್ಬರನ್ನೊಬ್ಬರು ನಂಬರಲ್ಲೇ ಕರೆಯೋದು. ಮೊದಲ ವರ್ಷ ಗಾಜಿನ ಕೊಳವೆ ಮುರಿದು ಕೈ ಕೊಯ್ದುಕೊಂಡಾಗ ಡಾಕ್ಟರಮ್ಮ ತಲೆ ತಿರುಗಿ ಬಿದ್ದರಂತೆ. ನೀವು ಎಬ್ಬಿಸಿ ಕೂರಿಸಿ, "ರಕ್ತ ನೋಡಬೇಡ ಹನ್ನೊಂದು, ಗಾಯ ನೋಡು" ಅಂದಿರಂತೆ. "ನನ್ನ ಕೈಕೆಳಗಿನ ಮಕ್ಕಳಿಗೆ ಈಗ್ಲೂ ಅದೇ ಮಾತು ಹೇಳ್ತೀನಪ್ಪ. ಯಾವ ಪುಸ್ತಕದಲ್ಲಿದೆ ಅಂತ ಕೇಳ್ತಾರೆ" ಅಂದರು. ಇದನ್ನ ನೀವು ಮನೇಲಿ ಒಂದು ದಿನವಾದರೂ ಹೇಳಿದ್ದಿರಾ?

ಇನ್ನೊಂದು ವಿಷಯ. ತೊಟ್ಟಿಯ ಹಿಂದಿನ ಗೋಡೆಯ ಮೇಲೆ ಮೊಳೆ ಹೊಡೆದ ಹಲಗೆ ಇದೆ, ನಲವತ್ತೆರಡು ಮೊಳೆ. ನಲವತ್ತೊಂದು ಖಾಲಿ. ಒಂದರಲ್ಲಿ ಮಾತ್ರ ಹಿತ್ತಾಳೆ ಬಿಲ್ಲೆ ನೇತಾಡ್ತಿದೆ, ೨೭ ಅಂತ ಕೊರೆದಿದೆ. ಡಾಕ್ಟರಮ್ಮನನ್ನು ಕೇಳಿದೆ. ಆಗ ಪ್ರತಿಯೊಬ್ಬರಿಗೂ ಒಂದೊಂದು ಬಿಲ್ಲೆಯಂತೆ, ಸಾಮಾನು ಪಡೆದಾಗ ಮೊಳೆಗೆ, ವಾಪಸ್ ಕೊಟ್ಟಾಗ ಕೈಗೆ. ಮಾರನೇ ವರ್ಷ ಬೀಗದ ಕಪಾಟು ಬಂದು ಬಿಲ್ಲೆ ನಿಂತೇಹೋಯಿತು, ಕೊನೇ ದಿನ ಎಲ್ಲರಿಗೂ ಅವರವರ ಬಿಲ್ಲೆಯನ್ನ ನೀವೇ ಕೊಟ್ಟಿರಂತೆ. ಅವರದು ಬೀಗದ ಕೈ ಗೊಂಚಲಲ್ಲಿತ್ತು, ತೋರಿಸಿದರು. ಇಪ್ಪತ್ತೇಳು ಯಾಕೆ ಇಲ್ಲೇ ಉಳಿಯಿತು ಅಂದರೆ, "ಅದನ್ನ ನಿಮ್ಮಪ್ಪನ್ನೇ ಕೇಳು" ಅಂದುಬಿಟ್ಟರು.

ಕೇಳ್ತಿದ್ದೇನೆ.

ನಿಮ್ಮ ಮಗ


ಸೆಪ್ಟೆಂಬರ್ ೧೪

ಮಗನಿಗೆ,

ಕಾಗದ ಬಂತು. ಅಕ್ಷರ ಮೊದಲಿಗಿಂತ ಸುಧಾರಿಸಿದೆ. ವಾದವೂ ಸುಧಾರಿಸಿದೆ. ಆದರೂ ನಾನು ಬರುವುದಿಲ್ಲ. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಆ ಹುಡುಗಿ ವಾರಕ್ಕೊಂದು ಬೀಕರ್ ಒಡೆಯುತ್ತಿದ್ದಳು. ಜನರ ಕಣ್ಣಿಗೆ ಕೈ ಹಾಕುತ್ತಾಳೆ ಎಂದು ಕೇಳಿ ಒಂದು ಕ್ಷಣ ಗಾಬರಿಯಾಯಿತು, ಆಮೇಲೆ ಸಂತೋಷವಾಯಿತು.

ಕೆಲಸದ ಮಾತು. ಹೊಗೆ ಕಪಾಟಿನ ಪಕ್ಕದ ಗೋಡೆಗೆ ನೇರವಾಗಿ ಬಣ್ಣ ಹೊಡೆಯಬೇಡಿ. ಆಸಿಡ್ ಹೊಗೆ ಕುಡಿದು ಕುಡಿದು ಅದು ಹುಳಿಯೇರಿದೆ. ಹದಿನೈದು ದಿನದಲ್ಲಿ ಹಳದಿಯಾಗಿ ಸಿಪ್ಪೆ ಏಳುತ್ತದೆ. ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಎರಡು ಸಲ ತೊಳೆದು, ಬರೀ ನೀರಿನಲ್ಲಿ ಒಂದು ಸಲ ತೊಳೆದು, ನಾಲ್ಕು ದಿನ ಒಣಗಿಸಿ ಆಮೇಲೆ ಪ್ರೈಮರ್ ಹಾಕಿ. ಮೇಸ್ತ್ರಿ ಒಪ್ಪದಿದ್ದರೆ ಒಂದು ಮೂಲೆಯಲ್ಲಿ ಮಾಡಿ ತೋರಿಸು.

ಹಲಗೆಯನ್ನು ಯಾರೂ ಮುಟ್ಟಕೂಡದು. ಬಿಲ್ಲೆ ಅಲ್ಲೇ ಇರಲಿ.

ಕಿವಿ ಕೇಳಿಸುವುದಿಲ್ಲ ಎಂದದ್ದು ಸುಳ್ಳಲ್ಲ. ಯಾವ ಸದ್ದೂ ಕೇಳಿಸುವುದಿಲ್ಲ, ನೀನು ಅವತ್ತು ಬಾಗಿಲನ್ನು ಧಡಾರನೆ ಹಾಕಿ ಹೋದದ್ದೊಂದು ಬಿಟ್ಟರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಸೆಪ್ಟೆಂಬರ್ ೨೬

ಅಪ್ಪನಿಗೆ,

ಆ ಬಾಗಿಲಿನ ಮಾತಿಗೆ ಮುಂಚೆ "ಊಟ ಮಾಡು" ಅಂತ ಬರೆದಿದ್ದರೆ ಅವತ್ತು ನಿಜವಾಗಿಯೂ ಊಟ ಮಾಡ್ತಿದ್ದೆ. ಇರಲಿ.

ಗೋಡೆಯ ಕಥೆ ಕೇಳಿ. ಮೇಸ್ತ್ರಿಗೆ ಸೋಡಾ ನೀರಿನ ವಿಷಯ ಹೇಳಿದೆ. "ಗೋಡೆಗೇನು ಅಜೀರ್ಣವೇನೋ, ಸೋಡಾ ಕುಡಿಸಕ್ಕೆ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಧ್ಯಾಹ್ನ ಅವರು ಮಲಗಿದ್ದಾಗ ಒಂದು ಚದರ ಅಡಿ ಜಾಗಕ್ಕೆ ಸೋಡಾ ನೀರು ಬಳಿದೆ. ನೀವು ನಂಬಲ್ಲ, ಗೋಡೆ ಚುರ್ ಅಂತು. ಸಣ್ಣ ಸಣ್ಣ ಗುಳ್ಳೆ ಎದ್ದವು. ಓಡಿಹೋಗಿ ಮೇಸ್ತ್ರಿಯನ್ನು ಎಬ್ಬಿಸಿಕೊಂಡು ಬಂದೆ. ಅವನು ಕಿವಿಯನ್ನ ಗೋಡೆಗೆ ಇಟ್ಟು ಕೇಳಿ, "ಯಾರು ಹೇಳಿಕೊಟ್ಟಿದ್ದು?" ಅಂದ. "ಮೂವತ್ತೊಂದು ವರ್ಷ ಇಲ್ಲಿದ್ದವರು" ಅಂದೆ. ಈಗ ಇಡೀ ಗೋಡೆಗೆ ಸೋಡಾ ಆಗಿದೆ. ಮೇಸ್ತ್ರಿ ದಿನಾ, "ನಿಮ್ಮಪ್ಪ ಇನ್ನೇನು ಬರೆದಿದ್ದಾರೆ?" ಅಂತ ಕೇಳ್ತಾನೆ. ಮನೆ ಸಮಾಚಾರ ಅಂತ ಹೇಳಿ ತಪ್ಪಿಸಿಕೊಳ್ತೀನಿ.

ಹಲಗೆ ತೆಗೆದು ಗುಜರಿಗೆ ಹಾಕಿ ಅಂತ ಆಫೀಸಿನವರು ಹೇಳಿದ್ದರು. ಮೊಳೆ ಕಿತ್ತರೆ ಗಾರೆ ಉದುರುತ್ತೆ, ಆ ಗೋಡೆ ಪೂರ್ತಿ ಮತ್ತೆ ಮಾಡಬೇಕಾಗುತ್ತೆ ಅಂತ ಸುಳ್ಳು ಹೇಳಿದೆ. ಹಲಗೆಯ ಸುತ್ತ ಪೇಪರ್ ಅಂಟಿಸಿ ಬಣ್ಣ ಹೊಡೆದಿದ್ದೇನೆ. ಬಿಲ್ಲೆ ಮುಟ್ಟಿಲ್ಲ. ಊದಿ ಧೂಳು ಮಾತ್ರ ತೆಗೆದೆ.

ಡಾಕ್ಟರಮ್ಮ ವಾರಕ್ಕೊಮ್ಮೆ ಬರ್ತಾರೆ. ಕೈಯಲ್ಲಿ ಪಟ್ಟಿ. ಮೂರು ತಿಂಗಳ ಮುಂಚೆಯೇ ಅವರಿಗೆ ಮದುವೆ ಮನೆಯ ಸಂಭ್ರಮ. ಯಾರು ಯಾವ ಬೆಂಚು, ಯಾರ ಪಕ್ಕ ಯಾರು, ಆಗ ಮಾತು ಬಿಟ್ಟಿದ್ದವರನ್ನು ಈಗ ಜೊತೆಗೆ ಕೂರಿಸಬಹುದಾ, ಇದೇ ಯೋಚನೆ. ಒಬ್ಬರು ಹಡಗಿನಿಂದ ರಜೆ ಹಾಕಿ ಬರ್ತಾರಂತೆ. ಮೂವತ್ತೈದನೇ ನಂಬರಿನವರು, ಈಗ ಅವರೇ ಒಂದು ಕಾಲೇಜಿನ ಪ್ರಿನ್ಸಿಪಾಲರು, "ಲ್ಯಾಬಣ್ಣ ಬರೋದಾದ್ರೆ ಮಾತ್ರ ಬರ್ತೀನಿ" ಅಂತ ಬರೆದಿದ್ದಾರೆ. ಮುರಿದ ಪಿಪೆಟ್ಟಿನ ಮೂತಿಯನ್ನ ನೀವು ಬೆಂಕೀಲಿ ಕಾಯಿಸಿ ಎಳೆದು ಸರಿಮಾಡೋದನ್ನ ನೋಡೋಕೆ ಅವರು ಬೇರೆ ಕ್ಲಾಸು ತಪ್ಪಿಸಿ ಬರ್ತಿದ್ದರಂತೆ. ನನಗೆ ಹೊಟ್ಟೆಕಿಚ್ಚಾಯಿತು ಅಪ್ಪ. ನಾನು ಒಂದು ದಿನವೂ ನೋಡಿಲ್ಲ. ನೋಡಬೇಕು ಅಂತ ಅನ್ನಿಸಿದ್ದೂ ಇಲ್ಲ.

ಪಟ್ಟಿಯಲ್ಲಿ ಎಲ್ಲರ ಮುಂದೆ ಏನಾದರೂ ಗುರುತು ಇದೆ. ಇಪ್ಪತ್ತೇಳರ ಮುಂದೆ ಮಾತ್ರ ಖಾಲಿ. ಹತ್ತನೇ ವರ್ಷದ ಕೂಟಕ್ಕೂ ಬರಲಿಲ್ಲ, ಈ ಕರೆಯೋಲೆಗೂ ಉತ್ತರ ಇಲ್ಲವಂತೆ. ನೀವೂ ಹತ್ತನೇ ವರ್ಷದ ಕೂಟದ ದಿನ ರಜೆ ಹಾಕಿದ್ದಿರಂತೆ. ಮೂವತ್ತೊಂದು ವರ್ಷದಲ್ಲಿ ಜ್ವರಕ್ಕೂ ರಜೆ ಹಾಕದವರು.

ನೇರ ಕೇಳ್ತೀನಿ. ಇಪ್ಪತ್ತೇಳು ನಿಮಗೇನು ಮಾಡಿದರು?

ನಿಮ್ಮ ಮಗ


ಅಕ್ಟೋಬರ್ ೧೭

ಮಗನಿಗೆ,

ಅವನು ನನಗೆ ಏನೂ ಮಾಡಲಿಲ್ಲ. ಮಾಡಿದ್ದು ನಾನು. ಒಂದು ಸಲ ಹೇಳುತ್ತೇನೆ, ಮತ್ತೆ ಕೇಳಬೇಡ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸೀಸೆಯಲ್ಲಿ ಬಿಳಿ ಪುಡಿ ಕೊಡುತ್ತಾರೆ. ಅದು ಯಾವ ಲವಣ ಎಂದು ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಸೀಸೆ ತುಂಬುವವನು ನಾನು. ಯಾವುದರಲ್ಲಿ ಏನಿದೆ ಎಂದು ಮೇಷ್ಟ್ರಿಗೆ ಗೊತ್ತು, ನನಗೆ ಗೊತ್ತು. ಎಷ್ಟೋ ಕಡೆ ಅಟೆಂಡರುಗಳು ಕಿವಿಯಲ್ಲಿ ಉತ್ತರವನ್ನೇ ಊದಿಬಿಡುತ್ತಿದ್ದರು. ನಾನು ಊದಿದವನಲ್ಲ. ಆದರೆ ಓದಿಕೊಂಡು ಬಂದೂ ಕೈ ನಡುಗುವ ಮಕ್ಕಳನ್ನು ನೋಡಿ ಕಲ್ಲಿನ ಹಾಗೆ ನಿಲ್ಲಲೂ ಆಗುತ್ತಿರಲಿಲ್ಲ. ಅದಕ್ಕೆ ಒಂದು ಗುರುತು ಇತ್ತು. ಒರೆಸುವ ಬಟ್ಟೆ ನನ್ನ ಬಲ ಹೆಗಲ ಮೇಲಿದ್ದರೆ, ದಾರಿ ಸರಿ ಇದೆ, ಮುಂದೆ ಹೋಗು. ಎಡ ಹೆಗಲಿಗೆ ಬಂದರೆ, ಎಲ್ಲೋ ತಪ್ಪಿದ್ದೀಯ, ಇನ್ನೊಮ್ಮೆ ನೋಡು. ಇಷ್ಟೇ. ಇದೂ ತಪ್ಪೇ. ತಪ್ಪಲ್ಲ ಎಂದು ನನಗೆ ನಾನೇ ಒಂದು ದಿನವೂ ಹೇಳಿಕೊಂಡಿಲ್ಲ.

ಆ ದಿನ ನನ್ನ ಬಲ ಹೆಗಲು ಸರಿ ಇರಲಿಲ್ಲ. ಬಟ್ಟೆಯನ್ನು ಎಡಕ್ಕೆ ಹಾಕಿಕೊಂಡಿದ್ದೆ. ಮರೆತೆ. ಉಳಿದವರೆಲ್ಲ ಮುಗಿಸಿ ಹೋಗಿದ್ದರು, ಇಪ್ಪತ್ತೇಳು ಒಬ್ಬನೇ ಉಳಿದಿದ್ದ. ಅವನು ಕಂಡುಹಿಡಿದದ್ದು ಸರಿ ಇತ್ತು. ಬರೆದು ತಲೆಯೆತ್ತಿ ನನ್ನನ್ನು ನೋಡಿದ. ಹೊಡೆದು ಹಾಕಿದ. ಮೊದಲಿನಿಂದ ಮಾಡಿದ. ಮತ್ತೆ ಅದೇ ಬಂತು, ಮತ್ತೆ ನೋಡಿದ, ಮತ್ತೆ ಹೊಡೆದು ಹಾಕಿದ. ನಾನು ಅವನಿಗೆ ಧೈರ್ಯ ಬರಲಿ ಎಂದು ನಗುತ್ತ ನಿಂತಿದ್ದೆ. ಮೂರನೇ ಸಲ ಬೇರೇನೋ ಬರೆದು, ಎದ್ದು, ಹೊರಟುಹೋದ. ಅವನು ಬಾಗಿಲು ದಾಟಿದ ಮೇಲೆ ನನಗೆ ಹೆಗಲು ನೆನಪಾಯಿತು. ಗೇಟಿನವರೆಗೂ ಓಡಿದೆ. ಇರಲಿಲ್ಲ.

ಅವನು ಫೇಲಾದ. ಮತ್ತೆ ಕಾಲೇಜಿಗೆ ಬರಲಿಲ್ಲ. ಕ್ಲಾಸಿನಲ್ಲಿ ಅವನಷ್ಟು ಚೊಕ್ಕವಾಗಿ ಕೆಲಸ ಮಾಡುವವನು ಇನ್ನೊಬ್ಬ ಇರಲಿಲ್ಲ.

ಟೆಸ್ಟ್ ಟ್ಯೂಬ್ ಹಿಡಿಯುವ ಒಂದು ಇಕ್ಕಳ ಅವನ ಜೇಬಿನಲ್ಲೇ ಹೋಯಿತು. ಬಿಲ್ಲೆ ಮೊಳೆಯಲ್ಲೇ ಉಳಿಯಿತು. ಇಕ್ಕಳ ತರುವ ನೆಪದಲ್ಲಾದರೂ ಬರುತ್ತಾನೆ ಎಂದು ಕಾದೆ. ಮೊದಲು ದಿನಾ ಕಾದೆ. ಆಮೇಲೆ ಅವನು ಬಂದರೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು ಎಂದು ಹೆದರಿದೆ. ಆ ನಲವತ್ತೊಂದು ಜನ ಚಪ್ಪಾಳೆ ತಟ್ಟುತ್ತಾರೆ. ಇಪ್ಪತ್ತಾರು ಎಂದು ಕರೆದ ಮೇಲೆ ನಾನು ಏನೆಂದು ಕರೆಯಲಿ?

ಅಪ್ಪ


ನವೆಂಬರ್ ೬

ಲ್ಯಾಬಣ್ಣನ ಮಗನಿಗೆ,

ನಿಮ್ಮ ಪತ್ರ ತಲುಪಿತು. ನನ್ನ ವಿಳಾಸವನ್ನು ಹನ್ನೊಂದು ಕೊಟ್ಟಿರಬೇಕು. ನೀವು ಬರೆದ ರೀತಿಗೆ ಮೊದಲು ಸಿಟ್ಟು ಬಂತು. "ನಮ್ಮಪ್ಪ ಇಪ್ಪತ್ತೈದು ವರ್ಷ ನಿಮ್ಮ ಬಿಲ್ಲೆ ಕಾಯ್ದಿದ್ದಾರೆ, ನೀವು ಒಂದು ಕಾರ್ಡು ಬರೆಯೋಕೆ ಆಗಲಿಲ್ವಾ" ಎಂದು ಯಾರಾದರೂ ಗುರುತಿಲ್ಲದವರಿಗೆ ಬರೆಯುತ್ತಾರೆಯೇ? ಎರಡನೇ ಸಲ ಓದಿದಾಗ ನಗು ಬಂತು. ಮೂರನೇ ಸಲ ಓದಲಾಗಲಿಲ್ಲ.

ನಿಮ್ಮ ತಂದೆ ನಿಮಗೆ ಅರ್ಧ ಹೇಳಿದ್ದಾರೆ. "ಹೆಗಲು ಸರಿ ಇರಲಿಲ್ಲ" ಅಂದರಂತಲ್ಲ, ಯಾಕೆ ಸರಿ ಇರಲಿಲ್ಲ ಎಂದು ಹೇಳಿದರೇ?

ಉಳಿದವರೆಲ್ಲ ಮುಗಿಸಿ ಹೋಗಿದ್ದರು, ಮೇಷ್ಟ್ರು ಪಕ್ಕದ ಕೋಣೆಯಲ್ಲಿದ್ದರು. ನಾನು ಮೇಲಿನ ಅಡ್ಡಹಲಗೆಯಿಂದ ಆಸಿಡ್ ಬಾಟಲಿ ತೆಗೆಯಲು ಹೋದೆ. ಬೆವರಿದ ಕೈ, ಜಾರಿತು. ನನ್ನ ಮುಖದ ಮೇಲೆ ಬೀಳಬೇಕಾಗಿದ್ದ ಬಾಟಲಿ ಅದು. ಅವರು ಎಲ್ಲಿದ್ದರೋ, ನನ್ನನ್ನು ಆಚೆ ತಳ್ಳಿ ಹೆಗಲು ಕೊಟ್ಟರು. ಅವರು ನಗುತ್ತ, "ನೀರು ಕಣೋ ಇಪ್ಪತ್ತೇಳು, ಬರೀ ನೀರು. ನಿನ್ನ ಟೈಮ್ ಹೋಗ್ತಿದೆ, ಮುಂದಿಂದು ನೋಡು" ಅಂದರು. ಹೊರಗೆ ಹೋಗಿ ಐದೇ ನಿಮಿಷದಲ್ಲಿ ಒದ್ದೆ ಅಂಗಿಯಲ್ಲಿ ವಾಪಸ್ ಬಂದು ಅದೇ ಜಾಗದಲ್ಲಿ ನಿಂತರು. ನಾನು ನಂಬಿದೆ. ಅವರು ಹೇಳಿದ ಮೇಲೆ ಅದು ನೀರೇ. ಹಾಗೆಯೇ ಬಟ್ಟೆ ಎಡ ಹೆಗಲ ಮೇಲೆ ಕಂಡಾಗ, ನನ್ನ ಉತ್ತರ ತಪ್ಪೇ. ಕಣ್ಣ ಮುಂದೆ ಟ್ಯೂಬಿನಲ್ಲಿ ಸರಿಯಾದ ಬಣ್ಣ ಬಂದಿತ್ತು. ಆದರೂ ನನಗೆ ಅವರ ಹೆಗಲೇ ಹೆಚ್ಚಾಯಿತು.

ಎರಡು ವಾರದ ಮೇಲೆ ಬಸ್ ನಿಲ್ದಾಣದಲ್ಲಿ ಹದಿನೆಂಟು ಸಿಕ್ಕಿದ. ಲ್ಯಾಬಣ್ಣನ ಹೆಗಲು ಸುಟ್ಟು ಬ್ಯಾಂಡೇಜು ಹಾಕಿದ್ದಾರೆ, ಹೇಗಾಯಿತು ಎಂದರೆ ನಾನೇ ಮೈಮರೆತು ಚೆಲ್ಲಿಕೊಂಡೆ ಅನ್ನುತ್ತಾರೆ ಅಂದ. ನನಗೆ ಅಲ್ಲೇ ಎಲ್ಲ ಅರ್ಥವಾಯಿತು. ಮತ್ತೆ ಪರೀಕ್ಷೆ ಕಟ್ಟಿದ್ದೆ, ಅದೇ ಲ್ಯಾಬಿನಲ್ಲಿ. ಗೇಟಿನವರೆಗೆ ಬಂದೆ. ನನ್ನ ಮುಖ ಉಳಿಸಿದವರ ಮುಂದೆ ಆ ಮುಖ ಹೊತ್ತು ನಿಲ್ಲಲಾಗದೆ ವಾಪಸ್ ಹೋದೆ.

ಈಗ ನಾನು ಊರಿಗೆ ಕುಡಿಯುವ ನೀರು ಬಿಡುವ ಘಟಕದಲ್ಲಿದ್ದೇನೆ. ಡಿಗ್ರಿ ಇಲ್ಲದ್ದರಿಂದ ಸಹಾಯಕನಾಗಿಯೇ ಸೇರಿದೆ, ಈಗ ಪರೀಕ್ಷೆಯ ಕೋಣೆ ನನ್ನ ಕೈಯಲ್ಲಿದೆ. ಯಾವುದು ನೀರು, ಯಾವುದು ಅಲ್ಲ ಎಂದು ಹೇಳುವುದೇ ನನ್ನ ಕೆಲಸ. ನೋಡಿ, ಎಂಥ ಕೆಲಸ ಸಿಕ್ಕಿತು. ಆ ಇಕ್ಕಳ ನನ್ನ ಮೇಜಿನ ಮೇಲಿದೆ, ದಿನವೂ ಬಳಸುತ್ತೇನೆ. ತುಕ್ಕು ಹಿಡಿಯಲು ಬಿಟ್ಟಿಲ್ಲ.

ಅವರು ನನ್ನನ್ನು ನೋಡಲು ಒಪ್ಪಿದರೆ ಬರುತ್ತೇನೆ. ಅವರು ಬರದಿದ್ದರೆ ನನಗೂ ಅಲ್ಲಿ ಕೆಲಸವಿಲ್ಲ. ಈ ಪತ್ರವನ್ನು ಅವರಿಗೆ ಯಾವಾಗ ಕೊಡಬೇಕು ಎನ್ನುವುದು ನಿಮಗೆ ಬಿಟ್ಟದ್ದು.

ಇಂತಿ,
ಇಪ್ಪತ್ತೇಳು


ನವೆಂಬರ್ ೧೨

ಅಪ್ಪನಿಗೆ,

ಮತ್ತೆ ಕೇಳಬೇಡ ಅಂದಿದ್ದಿರಿ. ಬೇರೆ ಪ್ರಶ್ನೆ ಕೇಳ್ತೀನಿ. ಚಿಕ್ಕವನಿದ್ದಾಗ ನಿಮ್ಮ ಬಲ ಹೆಗಲ ಮೇಲಿನ ಕಲೆಯನ್ನ ಯಾವುದೋ ದೇಶದ ಭೂಪಟ ಅಂತ ಬೆರಳಲ್ಲಿ ಸುತ್ತುತ್ತಿದ್ದೆ. ಅಲ್ಲಿ ಬಿದ್ದಿದ್ದು ಏನು? ಬೀಳಿಸಿದ್ದು ಯಾರು?

ನಿಮ್ಮ ಮಗ


ನವೆಂಬರ್ ೨೧

ಮಗನಿಗೆ,

ಬಿದ್ದದ್ದು ನೀರು. ಬೀಳಿಸಿದ್ದು ಗಾಳಿ.

ಗೋಡೆ ಒಣಗಿತೇ?

ಅಪ್ಪ


ಡಿಸೆಂಬರ್ ೨೦, ಬೆಳಿಗ್ಗೆ

ಅಪ್ಪನಿಗೆ,

ಗೋಡೆ ಒಣಗಿತು. ಪ್ರೈಮರ್ ಒಂದು ಕೈ, ಬಣ್ಣ ಎರಡು ಕೈ. ಎಂಟು ವಾರ ಆಯಿತು, ಎಲ್ಲೂ ಹಳದಿ ಇಲ್ಲ, ಒಂದು ಸಿಪ್ಪೆ ಎದ್ದಿಲ್ಲ. ಮೇಸ್ತ್ರಿ ಬೇರೆ ಕಾಲೇಜಿನ ಲ್ಯಾಬು ಒಪ್ಪಿಕೊಂಡಿದ್ದಾನೆ, ಸೋಡಾ ವಿದ್ಯೆ ತನ್ನದೇ ಅಂತ ಅಲ್ಲಿ ಹೇಳಿಕೊಂಡಿದ್ದಾನೆ. ಹೇಳಿಕೊಳ್ಳಲಿ ಬಿಡಿ.

ನಿಮ್ಮ ಕಾರ್ಡಿನ ಎರಡು ಸಾಲನ್ನ ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಒಬ್ಬ ಹುಡುಗನ ಕೈ ನಡುಗಬಾರದು ಅಂತ ಒಂದು ಸುಳ್ಳು ಹೇಳಿದಿರಿ. ಅದೇ ಸುಳ್ಳು ಅವನನ್ನ ಬೀಳಿಸಿತು. ಆದರೂ ಬಿಡಲಿಲ್ಲ, ಇವತ್ತಿಗೂ ಅವನ ಹೆಸರು ಬರದ ಹಾಗೆ ಸ್ವಂತ ಮಗನ ಮುಂದೆಯೂ ಗಾಳಿ ಅಂತೀರಿ. ನಿಮ್ಮಂಥ ಹಟಮಾರಿಯನ್ನ ನಾನು ನೋಡಿಲ್ಲ. ನನಗೆ ಹಟ ಎಲ್ಲಿಂದ ಬಂತು ಅಂತ ಅಕ್ಕ ಕೇಳ್ತಿರ್ತಾಳೆ, ಇನ್ನು ಮೇಲೆ ಕೇಳಬೇಡ ಅಂತ ಹೇಳಿ.

ಈಗ ಆ ಮೂರನೇ ಕಾರಣಕ್ಕೆ ಬರ್ತೀನಿ. ಓದಿದವರು ಸೇರೋ ಕಡೆ ಗಾಜು ತೊಳೆದವನಿಗೆ ಏನು ಕೆಲಸ. ಆ ಮಾತು ನಿಮ್ಮದಲ್ಲ, ನನ್ನದು. ಹತ್ತನೇ ಕ್ಲಾಸಿನ ರಿಸಲ್ಟು ಬಂದ ದಿನ ನೀವು ಕಾಲೇಜಿನ ಅರ್ಜಿ ತಂದಿಟ್ಟಿರಿ. "ಇಷ್ಟು ವರ್ಷ ಓದೋರ ಗಾಜು ತೊಳೆದ್ರಲ್ಲ, ನಿಮಗೇನು ಸಿಕ್ತು?" ಅಂತ ಕೇಳಿ ಬಾಗಿಲನ್ನ ಧಡಾರನೆ ಹಾಕಿ ಹೋದೆ. ಏಳು ವರ್ಷ ಆಯಿತು. ಏನು ಸಿಕ್ತು ಅಂತ ಈಗ ನನಗೆ ಗೊತ್ತಾಗಿದೆ. ಡಾಕ್ಟರಮ್ಮನ ಪಟ್ಟಿಯಲ್ಲಿ ನಾಳೆ ಬರೋರು ಮೂವತ್ತೊಂಬತ್ತು. ಅದರಲ್ಲಿ ಒಬ್ಬರ ಮುಂದೆ ಅವರು ಮೊನ್ನೆ ಕೆಂಪು ಇಂಕಿನಲ್ಲಿ ಗುರುತು ಹಾಕಿ, ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣಿನ ಡಾಕ್ಟರಿಗೂ ಹಾಗೆಲ್ಲ ಆಗುತ್ತೆ.

ಹೌದು, ಇಪ್ಪತ್ತೇಳನೆಯವರಿಗೆ ನಿಮ್ಮನ್ನ ಕೇಳದೇ ಬರೆದುಬಿಟ್ಟಿದ್ದೇನೆ, ಲ್ಯಾಬಣ್ಣ ಬರ್ತಾರೆ ಅಂತ. ಅವರ ಪತ್ರ ಇದರ ಜೊತೆಗಿದೆ. ಮೊದಲು ಅದನ್ನ ಓದಿ, ಆಮೇಲೆ ನನ್ನನ್ನ ಬೈಯಿರಿ. ನೀವು ಅವರಿಗೆ ತಪ್ಪು ಮಾಡಿದೆ ಅಂತ, ಅವರು ನಿಮಗೆ ತಪ್ಪು ಮಾಡಿದೆ ಅಂತ, ಇಬ್ಬರೂ ಒಂದೇ ಗೇಟಿನ ತನಕ ಬಂದು ವಾಪಸ್ ಹೋಗಿದ್ದೀರಿ. ಆ ಗೇಟಿಗೂ ಮೊನ್ನೆ ನಾನೇ ಬಣ್ಣ ಹೊಡೆದೆ.

ಬಿಲ್ಲೆ ಮೊಳೆಯಲ್ಲೇ ಇದೆ. ನಾನು ತೆಗೆದುಕೊಡೋ ಹಾಗಿಲ್ಲ, ಆಫೀಸಿನವರೂ ಕೊಡೋ ಹಾಗಿಲ್ಲ. ಇಕ್ಕಳ ಕೈಗೆ ಬಂದ ಮೇಲೆ ಬಿಲ್ಲೆ ಕೈಗೆ, ನಿಮ್ಮದೇ ಕಾನೂನು. ಇಪ್ಪತ್ತಾರು ಅಂತ ಕರೆದ ಮೇಲೆ ಏನಂತ ಕರೆಯಲಿ ಅಂತ ಕೇಳಿದ್ದಿರಲ್ಲ, ಮುಂದಿನ ನಂಬರನ್ನೇ ಕರೆಯಿರಿ. ನಿಮ್ಮ ಕಿವಿಗೆ ಕೇಳಿಸದಿದ್ದರೂ ಎದುರಿಗೆ ಎದ್ದು ನಿಂತವರು ಕಾಣ್ತಾರೆ.

ಹೊಸದೊಂದು ಒರೆಸೋ ಬಟ್ಟೆ ತಗೊಂಡಿದ್ದೇನೆ, ಬಿಳೀದು. ಆ ಹೊತ್ತಿಗೆ ಬಲ ಹೆಗಲ ಮೇಲೆ ಹಾಕಿಕೊಂಡಿರಿ. ಬೇರೇನೂ ಹೇಳೋದು ಬೇಡ. ಅವರಿಗೆ ಅರ್ಥ ಆಗುತ್ತೆ.

ಈ ಕವರಿಗೆ ಸ್ಟ್ಯಾಂಪು ಹಚ್ಚಿಲ್ಲ ಅನ್ನೋದು ನೋಡಿರ್ತೀರಿ. ಅಂಚೆಗೆ ಹಾಕಿದರೆ ಕೂಟ ಮುಗಿದು ಮೂರು ದಿನಕ್ಕೆ ತಲುಪುತ್ತೆ, ನಿಮಗೆ ಅದೇ ಬೇಕಾಗಿರುತ್ತೆ. ಎಂಟೂವರೆ ಬಸ್ಸಿಗೆ ನಾನೇ ತರ್ತಿದ್ದೇನೆ. ನೀವು ಇದನ್ನ ಓದೋವಾಗ ನಾನು ಅಕ್ಕನ ಮನೆ ಕುರ್ಚಿಯಲ್ಲಿ ನಿಮ್ಮ ಎದುರಿಗೇ ಕೂತು ಟೀ ಕುಡೀತಿರ್ತೀನಿ. ಬರಲ್ಲ ಅನ್ನೋದಾದರೆ ಮುಖ ನೋಡಿ ಹೇಳಿ. ಮಂಡಿ ನೋವು ಅಂದರೆ ಹೊತ್ತುಕೊಂಡು ಹೋಗ್ತೀನಿ, ಏಣಿ ಹತ್ತಿ ಇಳಿದು ಮೈ ಗಟ್ಟಿಯಾಗಿದೆ.

ನಿಮ್ಮ ಮಗ

ಇನ್ನೊಂದು ಸಾಲು. ಬಟ್ಟೆ ಮಡಚಿ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ, ಹೊಸಿಲ ಹತ್ತಿರ ನಿಂತು ಕಾಗದವನ್ನ ಗೋಡೆಗೆ ಒತ್ತಿ ಹಿಡಿದು ಇದನ್ನ ಬರೀತಿದ್ದೇನೆ. ನಿಮಗೆ ಕೇಳಿಸೋ ಸದ್ದು ನಾನು ಬಾಗಿಲು ಹಾಕಿದ್ದೊಂದೇ ಅಂದಿದ್ದಿರಿ. ಕೈ ಅಡ್ಡ ಇಟ್ಟು, ಸದ್ದಾಗದ ಹಾಗೆ, ಬಾಗಿಲು ಹಾಕಿ ಹೊರಡ್ತೀನಿ.